ಮ್ಯೂಸಿಯಂನ ವಸ್ತುಗಳು ರಾತ್ರಿ ಏನು ಮಾಡುತ್ತವೆ? ಮಗಳ ಪ್ರಶ್ನೆ, ಸಿನಿಮಾಗಳ ಉತ್ತರ

ಕಾಮನಬಿಲ್ಲು
ಶನಿವಾರ ರಾತ್ರಿ ಎಂಟು ವರ್ಷದ ಮಗಳ ಜೊತೆ ಕುಳಿತು ‘ನೈಟ್ ಅಟ್ ದ ಮ್ಯೂಸಿಯಂ’ ನೋಡಿದೆ. 2006ರ ಚಿತ್ರ, ನಿಮ್ಮಲ್ಲಿ ಬಹಳ ಜನ ನೋಡಿರುತ್ತೀರಿ. ಈಜಿಪ್ಟಿನ ಮಂತ್ರದ ಫಲಕವೊಂದರ ಶಕ್ತಿಯಿಂದ ನ್ಯೂಯಾರ್ಕಿನ ನಿಸರ್ಗ ಇತಿಹಾಸದ ಮ್ಯೂಸಿಯಂನಲ್ಲಿರುವ ವಸ್ತುಗಳೆಲ್ಲ ಕತ್ತಲಾದ ಮೇಲೆ ಎದ್ದು ಓಡಾಡುತ್ತವೆ. ಡೈನೋಸಾರಿನ ಅಸ್ಥಿಪಂಜರ ಬಗ್ಗಿ ಕುಡಿಯುವ ನೀರಿನ ನಲ್ಲಿಗೆ ಬಾಯಿ ಹಚ್ಚಿದಾಗ ಮಗಳು ಚಪ್ಪಾಳೆ ತಟ್ಟಿದಳು. ಬೆಳಗಾಗುತ್ತಲೇ ‘ನಾವೂ ಮ್ಯೂಸಿಯಂಗೆ ಹೋಗೋಣ’ ಎಂದು ಹಟ ಹಿಡಿದಳು. ಹತ್ತಿರದ ಒಂದಕ್ಕೆ ಕರೆದುಕೊಂಡು ಹೋದೆ.

ಹತ್ತು ನಿಮಿಷದಲ್ಲಿ ಅವಳ ಮುಖ ಬಾಡಿತು. ಮಬ್ಬು ಹಿಡಿದ ಗಾಜು, ಅದರ ಹಿಂದೆ ಮಡಕೆಯ ಚೂರುಗಳು, ಅಂಚು ಸುರುಳಿ ಸುತ್ತಿದ ಒಂದು ಚೀಟಿ. ಸರಿಯಾಗಿ ನೋಡಲೆಂದು ಬಾಗಿದರೆ ಕಾವಲಿನವರು ‘ಮುಟ್ಟಬಾರದು’ ಎಂದು ಗದರಿದರು. ಅವಳು ಮುಟ್ಟಿರಲಿಲ್ಲ. ಮೆಟ್ಟಿಲಿಳಿಯುವಾಗ ಕೇಳಿದಳು: ‘ಅಮ್ಮಾ, ಇವು ರಾತ್ರಿಯೂ ಹೀಗೆ ಸುಮ್ಮನೆಯೇ ಇರುತ್ತವೆಯಾ?’

ನನಗೆ ಉತ್ತರ ಹೊಳೆಯಲಿಲ್ಲ. ಇಂಥ ಚಿತ್ರಗಳು ಮಕ್ಕಳನ್ನು ಮ್ಯೂಸಿಯಂನ ಬಾಗಿಲಿಗೆ ತರುತ್ತವೆಯೋ, ಅಥವಾ ಸುಳ್ಳು ಆಸೆ ಹುಟ್ಟಿಸಿ ಬಾಗಿಲಿನಿಂದಲೇ ಹಿಂದೆ ಕಳಿಸುತ್ತವೆಯೋ? ವಿಜ್ಞಾನ ಕಥೆಯ, ಅದ್ಭುತ ಕಥೆಯ ಚಿತ್ರಗಳಲ್ಲಿ ಮ್ಯೂಸಿಯಂ ಅನ್ನು ಇದಕ್ಕಿಂತ ಚೆನ್ನಾಗಿ ಬಳಸಿಕೊಂಡವು ಯಾವುವು? ಬಲ್ಲವರು ತಿಳಿಸಿ.

ಕಡೇ ಬೆಂಚು
ಗಾಜು ಒರೆಸದಿದ್ದರೆ ಅದು ಮ್ಯೂಸಿಯಂನವರ ತಪ್ಪು. ಚಿತ್ರದ ತಲೆಗೆ ಕಟ್ಟಬೇಡಿ.

ಲೆಕ್ಕದ ಮೇಷ್ಟ್ರು
ಮೊದಲು ಒಂದು ವಿಷಯ ಸ್ಪಷ್ಟವಾಗಲಿ. ಆ ಚಿತ್ರದ ಒಳಾಂಗಣ ನಿಜವಾದ ಮ್ಯೂಸಿಯಂ ಅಲ್ಲ. ಹೊರಗಿನ ಕಟ್ಟಡ ಮಾತ್ರ ನ್ಯೂಯಾರ್ಕಿನದು, ಒಳಗಿನದೆಲ್ಲ ಕೆನಡಾದ ವ್ಯಾಂಕೂವರ್ ಕಡೆ ಹಾಕಿದ ಸೆಟ್. ಚ್ಯೂಯಿಂಗ್ ಗಮ್ ಕೇಳುವ ಈಸ್ಟರ್ ದ್ವೀಪದ ದೊಡ್ಡ ತಲೆ ಇದೆಯಲ್ಲ, ನ್ಯೂಯಾರ್ಕಿನಲ್ಲಿ ನಿಜವಾಗಿ ಇರುವುದೂ ಅಸಲಿ ಕಲ್ಲಲ್ಲ, 1930ರ ದಶಕದಲ್ಲಿ ಅಚ್ಚು ತೆಗೆದು ತಂದ ಪ್ಲಾಸ್ಟರಿನ ಪ್ರತಿ. ಚಿತ್ರದ ಥಿಯೊಡೋರ್ ರೂಸ್‌ವೆಲ್ಟ್, ಅಮೆರಿಕದ ಹಿಂದಿನ ಅಧ್ಯಕ್ಷ, ಮೇಣದ ಬೊಂಬೆ. ಅದನ್ನು ನೋಡಿ ಅಲ್ಲಿಗೆ ಹೋದವರಿಗೆ ಕಾಣುತ್ತಿದ್ದದ್ದು ಬಾಗಿಲ ಮುಂದಿನ ಕುದುರೆ ಸವಾರಿಯ ಕಂಚಿನ ಪ್ರತಿಮೆ. ಅದನ್ನೂ 2022ರ ಜನವರಿಯಲ್ಲಿ ತೆಗೆದರು. ಕುದುರೆಯ ಎಡಬಲಕ್ಕೆ ಒಬ್ಬ ಮೂಲನಿವಾಸಿಯನ್ನೂ ಒಬ್ಬ ಆಫ್ರಿಕನ್ನನನ್ನೂ ಕಾಲ್ನಡಿಗೆಯಲ್ಲಿ ನಿಲ್ಲಿಸಿದ್ದರ ಬಗ್ಗೆ ಬಹಳ ವರ್ಷಗಳಿಂದ ಜಗಳವಿತ್ತು.

ಮಲೆನಾಡ ಮಳೆ
ಮೇಷ್ಟ್ರೇ, ಸೆಟ್ಟೋ ಅಸಲಿಯೋ ಎಂಬುದು ಎಂಟು ವರ್ಷದ ಮಗುವಿಗೆ ಏಕೆ ಬೇಕು? ಆ ಚಿತ್ರ ಬಂದ ಮೇಲೆ ಅಲ್ಲಿಗೆ ಬರುವ ಜನ ಹೆಚ್ಚಾದರು. ಮಕ್ಕಳು ಹಾಸಿಗೆ ಚೀಲ ತಂದು ತಿಮಿಂಗಿಲದ ಕೆಳಗೆ ರಾತ್ರಿ ಮಲಗುವ ಕಾರ್ಯಕ್ರಮವೂ ನಡೆಯಿತು. 94 ಅಡಿ ಉದ್ದದ ನೀಲಿ ತಿಮಿಂಗಿಲದ ಮಾದರಿ ತಲೆಯ ಮೇಲೆ ತೂಗುತ್ತಿರುವಾಗ ಮಲಗಿದ ಮಗು ಅದನ್ನು ಜೀವಮಾನದಲ್ಲಿ ಮರೆಯುತ್ತದೆಯೇ? ಬಾಗಿಲಿಗೆ ತರುವುದು ಚಿತ್ರದ ಕೆಲಸ. ಒಳಗೆ ಉಳಿಸಿಕೊಳ್ಳುವುದು ಮ್ಯೂಸಿಯಂನ ಕೆಲಸ.

ಟೂರಿಂಗ್ ಟಾಕೀಸ್
ನಾನು ಒಪ್ಪುವುದಿಲ್ಲ. ವಸ್ತುಗಳನ್ನು ಕುಣಿಸಿದರೆ ಮಾತ್ರ ಅವು ನೋಡಲು ಯೋಗ್ಯ ಎಂದು ಹೇಳಿಕೊಡುವ ಚಿತ್ರ ಮ್ಯೂಸಿಯಂಗೆ ಉಪಕಾರ ಮಾಡುವುದಿಲ್ಲ. ಮ್ಯೂಸಿಯಂನ ಸತ್ವ ಇರುವುದೇ ಅಲ್ಲಿಯ ನಿಶ್ಚಲತೆಯಲ್ಲಿ. ಅದನ್ನು ಅರಿತು ಮಾಡಿದ ಎರಡು ಚಿತ್ರಗಳ ಬಗ್ಗೆ ಹೇಳುತ್ತೇನೆ.

ಒಂದು, ಕ್ರಿಸ್ ಮಾರ್ಕರ್ ಅವರ ‘ಲಾ ಜೆಟೇ’, 1962ರದು, 28 ನಿಮಿಷ. ಮೂರನೇ ಮಹಾಯುದ್ಧವಾಗಿ ಪ್ಯಾರಿಸ್ ಹಾಳಾಗಿದೆ, ಉಳಿದವರು ನೆಲದಡಿಯಲ್ಲಿದ್ದಾರೆ. ಒಬ್ಬ ಕೈದಿಯನ್ನು ಗತಕಾಲಕ್ಕೆ ಕಳಿಸುತ್ತಾರೆ, ಅಲ್ಲಿ ಅವನಿಗೆ ಒಬ್ಬ ಹೆಂಗಸಿನ ಪರಿಚಯವಾಗುತ್ತದೆ. ಅವರಿಬ್ಬರೂ ಸುತ್ತಾಡುವುದು ಪ್ರಾಣಿಗಳ ಮ್ಯೂಸಿಯಂನಲ್ಲಿ. ಇಡೀ ಚಿತ್ರ ಸ್ಥಿರಚಿತ್ರಗಳಿಂದ ಆದದ್ದು, ಹಾಗಾಗಿ ಜಿರಾಫೆಯೂ ಅಲುಗುವುದಿಲ್ಲ, ಹೆಂಗಸೂ ಅಲುಗುವುದಿಲ್ಲ. ಎರಡೂ ಒಂದೇ ಬೆಳಕಿನಲ್ಲಿ ನಿಂತಿವೆ. ಅವಳು ಒಂದು ಹಕ್ಕಿಯ ಕಡೆ ಬೆರಳು ತೋರಿಸುತ್ತಾಳೆ, ಬೆರಳು ಅಲ್ಲಿಯೇ ನಿಂತುಬಿಡುತ್ತದೆ. ಅವಳೂ ಎಂದೋ ಕಳೆದುಹೋದವಳು, ಗಾಜಿನಾಚೆಯವಳು ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಅವಳು ನಿಜವಾಗಿ ಅಲುಗುವುದು ಚಿತ್ರದಲ್ಲಿ ಒಂದೇ ಒಂದು ಸಲ, ಬೆಳಗಿನ ಹಾಸಿಗೆಯಲ್ಲಿ ಕಣ್ಣು ತೆರೆದಾಗ. ಆ ಕಣ್ಣರೆಪ್ಪೆಯ ಅಲುಗಾಟಕ್ಕೆ ಎದೆ ಝಲ್ಲೆನ್ನುತ್ತದೆ.

ಇನ್ನೊಂದು 1968ರ ‘ಪ್ಲಾನೆಟ್ ಆಫ್ ದ ಏಪ್ಸ್’. ತಪ್ಪಿಸಿಕೊಂಡು ಓಡುವ ನಾಯಕ ವಾನರರ ಮ್ಯೂಸಿಯಂಗೆ ನುಗ್ಗುತ್ತಾನೆ. ಅಲ್ಲಿ ಹುಲ್ಲು ತುಂಬಿ ನಿಲ್ಲಿಸಿದ ಮನುಷ್ಯರ ನಡುವೆ ತನ್ನದೇ ಜೊತೆಗಾರ, ಅದೇ ನೌಕೆಯಲ್ಲಿ ಬಂದ ಗಗನಯಾತ್ರಿ, ಗಾಜುಗಣ್ಣು ಬಿಟ್ಟು ನಿಂತಿದ್ದಾನೆ. ಒಂದು ನಿಮಿಷವೂ ಇರದ ದೃಶ್ಯ. ಅದನ್ನು ನೋಡಿದ ಮೇಲೆ ಸತ್ತ ಪ್ರಾಣಿಗೆ ಹುಲ್ಲು ತುಂಬಿ ಇಟ್ಟ ಯಾವ ಪೆಟ್ಟಿಗೆಯ ಮುಂದೆಯೂ ನಾನು ಹಗುರವಾಗಿ ನಿಲ್ಲಲಾರೆ.

ಕಡೇ ಬೆಂಚು
ಎಂಟು ವರ್ಷದ ಮಗಳಿಗೆ ಹುಲ್ಲು ತುಂಬಿದ ಗಗನಯಾತ್ರಿಯನ್ನು ತೋರಿಸಿ ಎನ್ನುತ್ತಿದ್ದೀರಾ ಸರ್?

ಟೂರಿಂಗ್ ಟಾಕೀಸ್
ಅವರು ಕೇಳಿದ್ದು ಎರಡು ಪ್ರಶ್ನೆ. ನಾನು ಉತ್ತರಿಸಿದ್ದು ಎರಡನೆಯದಕ್ಕೆ.

ರನ್‌ವೇ ಪಕ್ಕದ ಮನೆ
‘ಟ್ರಾನ್ಸ್‌ಫಾರ್ಮರ್ಸ್’ ಸರಣಿಯ ಎರಡನೇ ಚಿತ್ರವನ್ನು (2009) ಯಾರೂ ಹೆಸರಿಸಲಿಲ್ಲ. ಅದರಲ್ಲಿ ಸ್ಮಿತ್‌ಸೋನಿಯನ್ ವಿಮಾನ ಸಂಗ್ರಹದ ಎಸ್‌ಆರ್-71 ಬ್ಲ್ಯಾಕ್‌ಬರ್ಡ್ ಎಂಬ ಬೇಹುಗಾರಿಕೆ ವಿಮಾನ ಎದ್ದು ಕೋಲೂರಿದ ಮುದಿ ಯಂತ್ರಮಾನವನಾಗುತ್ತದೆ. ವಾಷಿಂಗ್ಟನ್ ಹತ್ತಿರದ ಆ ಕಟ್ಟಡದ ಬಾಗಿಲು ಮುರಿದು ಹೊರಬಂದರೆ ಎದುರಿಗೆ ಅರಿಜೋನಾದ ಒಣ ಬಯಲು, ಸಾಲುಸಾಲು ಹಳೆಯ ವಿಮಾನಗಳು! ನಡುವೆ ಮೂರು ಸಾವಿರ ಕಿಲೋಮೀಟರು ಎಲ್ಲಿ ಹೋಯಿತು ಎಂದು ಚಿತ್ರಮಂದಿರದಲ್ಲೇ ಸಿಟ್ಟು ಬಂದಿತ್ತು.

ಆ ವಿಮಾನದ ನಿಜವಾದ ಕಥೆಯೇ ಸಾಕಷ್ಟು ದೊಡ್ಡದು. 1990ರ ಮಾರ್ಚ್ 6ರಂದು ಅದು ಲಾಸ್ ಏಂಜಲೀಸಿನಿಂದ ವಾಷಿಂಗ್ಟನ್‌ಗೆ 64 ನಿಮಿಷ 20 ಸೆಕೆಂಡಿನಲ್ಲಿ ಹಾರಿಬಂತು. ಬಂದದ್ದು ಮ್ಯೂಸಿಯಂ ಸೇರುವುದಕ್ಕೆ. ಅದೇ ಕೊನೆಯ ಹಾರಾಟ, ಅದರಲ್ಲಿಯೂ ದಾಖಲೆ. ನಾನು ಅದರ ಮುಂದೆ ನಿಂತು ಮೂತಿಯಿಂದ ಬಾಲದವರೆಗೆ ಮೂರು ಸಲ ನಡೆದಿದ್ದೇನೆ. ಕಪ್ಪು ಬಣ್ಣ ಅಲ್ಲಲ್ಲಿ ಬೂದಿಯಾಗಿದೆ. ಅದು ಎದ್ದು ಮಾತಾಡಬೇಕು ಎಂದು ನನಗಂತೂ ಅನ್ನಿಸಲಿಲ್ಲ.

ಮಲೆನಾಡ ಮಳೆ
ನಿಮಗೆ ಅನ್ನಿಸದೆ ಇರುವುದಕ್ಕೆ ಕಾರಣ, ಆ 64 ನಿಮಿಷದ ಕಥೆ ನಿಮಗೆ ಮೊದಲೇ ಗೊತ್ತಿತ್ತು. ಮಡಕೆ ಚೂರಿನ ಮುಂದೆ ನಿಂತ ಮಗುವಿಗೆ ಅಂಥ ಕಥೆಯನ್ನು ಯಾರು ಹೇಳಿದರು?

ಶಾಸನಪ್ರಿಯ
ಮಳೆ ಅವರ ಮಾತಿಗೆ ನನ್ನ ನೂರಕ್ಕೆ ನೂರು ಸಹಮತ. ಹೊಸಪೇಟೆಯ ಕಡೆ ಶಾಲೆಯೊಂದರಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಮಕ್ಕಳನ್ನು ಕಮಲಾಪುರದ ಪುರಾತತ್ವ ಮ್ಯೂಸಿಯಂಗೆ ಕರೆದುಕೊಂಡು ಹೋಗುವ ಹಿಂದಿನ ದಿನ ‘ಆದಿತ್ಯ 369’ರ ಕಥೆ ಹೇಳುವುದು ನನ್ನ ರೂಢಿ. ಸಿಂಗೀತಂ ಶ್ರೀನಿವಾಸರಾವ್ ಅವರ 1991ರ ತೆಲುಗು ಚಿತ್ರ. ಕೃಷ್ಣದೇವರಾಯನ ಕಾಲದ ವಜ್ರವನ್ನು ಮ್ಯೂಸಿಯಂನಿಂದ ಕದಿಯುತ್ತಾರೆ, ಶಾಲಾ ಪ್ರವಾಸಕ್ಕೆ ಬಂದ ಹುಡುಗ ಅದನ್ನು ಕಣ್ಣಾರೆ ನೋಡುತ್ತಾನೆ. ಆಮೇಲೆ ಕಾಲಯಂತ್ರ ನಾಯಕ ನಾಯಕಿಯರನ್ನು 1526ರ ವಿಜಯನಗರಕ್ಕೆ ಒಯ್ದು ಇಳಿಸುತ್ತದೆ. ಮ್ಯೂಸಿಯಂನಲ್ಲಿ ಗಾಜಿನ ಹಿಂದಿದ್ದ ವಜ್ರ ಅಲ್ಲಿ ಅರಮನೆಯ ಸ್ವತ್ತು. ಒಂದೇ ವಸ್ತು, ಎರಡು ಕಾಲ.

ಮರುದಿನ ಕಮಲಾಪುರದಲ್ಲಿ ಹಂಪಿಯ ಇಡೀ ಕಣಿವೆಯ ಮಾದರಿಯ ಸುತ್ತ ನಿಂತು ಮಕ್ಕಳು ‘ಕಾಲಯಂತ್ರ ಎಲ್ಲಿ ಇಳಿದಿರಬಹುದು ಸರ್?’ ಎಂದು ಜಗಳವಾಡುತ್ತಾರೆ. ಒಬ್ಬ ಹುಡುಗಿ ‘ಹೊಳೆ ತುಂಬಿದ್ದರೆ ಆ ದಡದಲ್ಲಿ ಇಳಿದವರು ಈಚೆಗೆ ಬರುವುದು ಹೇಗೆ?’ ಎಂದು ಕೇಳಿದಳು. ಹರಿಗೋಲಿನಿಂದ ಶುರುವಾದ ಪಾಠ ಕೋಟೆ, ಕಾಲುವೆ, ಬಜಾರು ಎಲ್ಲವನ್ನೂ ಸುತ್ತಿ ಬಂತು. ಅದಕ್ಕೇ ಹೇಳುವುದು, ಚಿತ್ರ ಸುಳ್ಳು ಹೇಳಿದರೂ ಪರವಾಗಿಲ್ಲ, ಮಗುವಿನ ಕೈಗೆ ಒಂದು ಪ್ರಶ್ನೆ ಕೊಟ್ಟು ಕಳಿಸಿದರೆ ಸಾಕು.

ಥೇಮ್ಸ್ ದಂಡೆ
ಕದಿಯುವ ಮಾತು ಬಂದದ್ದು ಒಳ್ಳೆಯದಾಯಿತು. ‘ಬ್ಲ್ಯಾಕ್ ಪ್ಯಾಂಥರ್’ (2018) ಚಿತ್ರದ ಮ್ಯೂಸಿಯಂ ದೃಶ್ಯವನ್ನು ಬಿಟ್ಟು ಈ ಚರ್ಚೆ ಪೂರ್ಣವಾಗುವುದಿಲ್ಲ. ‘ಗ್ರೇಟ್ ಬ್ರಿಟನ್ ಮ್ಯೂಸಿಯಂ’ ಎಂಬ ಕಲ್ಪಿತ ಜಾಗ. ಕಿಲ್‌ಮಾಂಗರ್ ಆಫ್ರಿಕದ ವಸ್ತುಗಳ ಮುಂದೆ ನಿಂತು ಅಲ್ಲಿಯ ಪರಿಣತೆಯನ್ನು ಒಂದೊಂದಾಗಿ ವಿಚಾರಿಸುತ್ತಾನೆ. ಇವನ್ನು ನಿಮ್ಮ ಪೂರ್ವಿಕರು ನ್ಯಾಯವಾದ ಬೆಲೆ ಕೊಟ್ಟು ಕೊಂಡರೋ, ಉಳಿದದ್ದನ್ನೆಲ್ಲ ದೋಚಿದಂತೆ ದೋಚಿದರೋ ಎಂಬರ್ಥದಲ್ಲಿ ಕೇಳುತ್ತಾನೆ. ಅವನು ಕಥೆಯ ಖಳ, ಆದರೆ ಆ ಪ್ರಶ್ನೆ ಕೇಳುವಾಗ ಚಿತ್ರಮಂದಿರದಲ್ಲಿ ನಾನು ಅವನ ಪಕ್ಷದಲ್ಲಿದ್ದೆ. 1897ರಲ್ಲಿ ಬ್ರಿಟಿಷ್ ಸೈನ್ಯ ಈಗಿನ ನೈಜೀರಿಯದ ಬೆನಿನ್ ನಗರವನ್ನು ಸುಟ್ಟು ಹೊತ್ತು ತಂದ ಕಂಚಿನ ಫಲಕಗಳು ಇಂದಿಗೂ ಲಂಡನ್ನಿನಲ್ಲಿವೆ. 2022ರಲ್ಲಿ ಇಲ್ಲಿಯದೇ ಹಾರ್ನಿಮನ್ ಮ್ಯೂಸಿಯಂ 72 ವಸ್ತುಗಳ ಒಡೆತನವನ್ನು ನೈಜೀರಿಯಕ್ಕೆ ಬಿಟ್ಟುಕೊಟ್ಟಿತು. ದೊಡ್ಡ ಬ್ರಿಟಿಷ್ ಮ್ಯೂಸಿಯಂ ತನ್ನಲ್ಲಿರುವುದನ್ನು ಹಾಗೆ ಬಿಟ್ಟುಕೊಟ್ಟಿಲ್ಲ.

ಅಟ್ಲಾಂಟಾ ಕನ್ನಡತಿ
ಥೇಮ್ಸ್ ಅವರೇ, ಆ ದೃಶ್ಯ ತೆಗೆದದ್ದು ನಮ್ಮೂರಿನಲ್ಲಿ! ಹೈ ಮ್ಯೂಸಿಯಂ ಆಫ್ ಆರ್ಟ್, ರಿಚರ್ಡ್ ಮೇಯರ್ ವಿನ್ಯಾಸದ ಬೆಳ್ಳಗಿನ ಕಟ್ಟಡ, 1983ರಲ್ಲಿ ತೆರೆದದ್ದು. ಒಳಗೆ ಬಾಗಿ ಬಾಗಿ ಮೇಲೇರುವ ದಾರಿಯ ಮೇಲೆ ಮಧ್ಯಾಹ್ನದ ಬಿಸಿಲು ಪಟ್ಟೆಪಟ್ಟೆಯಾಗಿ ಬೀಳುತ್ತದೆ. ಚಿತ್ರದಲ್ಲಿ ಅದು ಲಂಡನ್ ಎಂದಾಗ ನನ್ನ ಮಕ್ಕಳಿಬ್ಬರೂ ‘ಅಲ್ಲ!’ ಎಂದು ಕೂಗಿದರು.

ಲೆಕ್ಕದ ಮೇಷ್ಟ್ರು
ಒಂದೂರಿನ ಕಟ್ಟಡ ಇನ್ನೊಂದೂರಿನ ಮ್ಯೂಸಿಯಂ ಆಗುವುದು ಹಳೆಯ ಪದ್ಧತಿ. ‘ದ ಮಮ್ಮಿ ರಿಟರ್ನ್ಸ್’ನಲ್ಲಿ ಬ್ರಿಟಿಷ್ ಮ್ಯೂಸಿಯಂ ಎಂದು ತೋರಿಸಿದ್ದು ಲಂಡನ್ನಿನ ಯೂನಿವರ್ಸಿಟಿ ಕಾಲೇಜನ್ನು. ‘ಘೋಸ್ಟ್‌ಬಸ್ಟರ್ಸ್’ ಎರಡನೇ ಭಾಗದಲ್ಲಿ (1989) ಚಿತ್ರಪಟದೊಳಗಿನ ದುಷ್ಟ ದೊರೆ ಜೀವ ತಳೆಯುವ ಕಲಾ ಮ್ಯೂಸಿಯಂ ಹೊರನೋಟಕ್ಕೆ ನ್ಯೂಯಾರ್ಕಿನ ಹಳೆಯ ಸುಂಕದ ಕಚೇರಿ. ಅಚ್ಚರಿಯ ಮಾತೆಂದರೆ 1994ರಲ್ಲಿ ಅಲ್ಲಿ ನಿಜವಾಗಿಯೇ ಒಂದು ಮ್ಯೂಸಿಯಂ ತೆರೆಯಿತು, ಅಮೆರಿಕದ ಮೂಲನಿವಾಸಿಗಳದು.

ಥೇಮ್ಸ್ ದಂಡೆ
ಕಾಮನಬಿಲ್ಲು ಮೇಡಂ, ನಿಮ್ಮ ಮಗಳಿಗೆ ಇದನ್ನು ಹೇಳಿ. ಮ್ಯೂಸಿಯಂನಲ್ಲಿ ನಿಜವಾಗಿಯೇ ಅಲುಗಿ, ಕೂಗಿದ ವಸ್ತು ಒಂದಿದೆ, ಅದೂ ಶ್ರೀರಂಗಪಟ್ಟಣದ್ದು. ಟಿಪ್ಪುವಿನ ಹುಲಿ. ಮರದ ಹುಲಿ ಯುರೋಪಿನ ಸಿಪಾಯಿಯೊಬ್ಬನನ್ನು ಅಂಗಾತ ಕೆಡವಿ ಕುತ್ತಿಗೆಗೆ ಬಾಯಿ ಹಾಕಿದೆ. ಪಕ್ಕದ ಹಿಡಿ ತಿರುಗಿಸಿದರೆ ಅವನ ಕೈ ಏಳುತ್ತದೆ, ನರಳುತ್ತಾನೆ, ಹುಲಿ ಗುರುಗುಡುತ್ತದೆ. ಹೊಟ್ಟೆಯೊಳಗೆ ಪುಟ್ಟ ಆರ್ಗನ್ ವಾದ್ಯವೂ ಇದೆ. 1799ರಲ್ಲಿ ಕೋಟೆ ಬಿದ್ದ ಮೇಲೆ ಇದನ್ನು ಲಂಡನ್ನಿಗೆ ಸಾಗಿಸಿದರು. ಈಸ್ಟ್ ಇಂಡಿಯಾ ಕಂಪನಿಯ ಕಟ್ಟಡದಲ್ಲಿ ಪ್ರದರ್ಶನಕ್ಕಿಟ್ಟಾಗ ಬಂದವರೆಲ್ಲ ಹಿಡಿ ತಿರುಗಿಸುತ್ತಿದ್ದರು. ಆ ಗದ್ದಲಕ್ಕೆ ಅಲ್ಲಿಯ ಗ್ರಂಥಾಲಯದಲ್ಲಿ ಓದುತ್ತಿದ್ದವರು ರೋಸಿಹೋಗಿದ್ದರಂತೆ.

ಈಗ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಗಾಜಿನೊಳಗೆ ಸುಮ್ಮನೆ ನಿಂತಿದೆ. ನಾನು ಊರಿನಿಂದ ಬಂದವರನ್ನು ಮೊದಲು ಕರೆದುಕೊಂಡು ಹೋಗುವುದೇ ಅಲ್ಲಿಗೆ. ನಮ್ಮ ಅತ್ತೆ ಗಾಜಿನ ಮೇಲೆ ಅಂಗೈಯಿಟ್ಟು ‘ಇಷ್ಟು ದೂರ ಬಂದೆಯಲ್ಲಪ್ಪಾ’ ಎಂದರು. ಹಾಲಿವುಡ್ಡಿಗೆ ಈಜಿಪ್ಟಿನ ಫಲಕ ಸಿಕ್ಕಿತು. ನಮ್ಮ ಚಿತ್ರರಂಗದವರಿಗೆ ಈ ಹುಲಿ ಏಕೆ ಕಾಣಲಿಲ್ಲ? ಒಂದು ರಾತ್ರಿ ಹಿಡಿ ತಾನಾಗಿ ತಿರುಗಿತು ಎಂದು ಶುರುಮಾಡಿದರೆ ಕಥೆ ತನ್ನಷ್ಟಕ್ಕೆ ನಡೆಯುತ್ತದೆ.

ಕಡೇ ಬೆಂಚು
ಈ ಕಥೆಗೆ ನಾನು ಮೊದಲ ದಿನದ ಮೊದಲ ಆಟಕ್ಕೆ ಹೋಗುತ್ತೇನೆ.

ರಾತ್ರಿ ಪಾಳಿ
ಇಷ್ಟು ದಿನ ಸುಮ್ಮನೆ ಓದಿಕೊಂಡಿದ್ದೆ, ಇವತ್ತು ಬರೆಯಬೇಕೆನ್ನಿಸಿತು. ನಮ್ಮ ತಂದೆ ಜಿಲ್ಲಾ ಕೇಂದ್ರವೊಂದರ ಮ್ಯೂಸಿಯಂನಲ್ಲಿ ಇಪ್ಪತ್ತೆರಡು ವರ್ಷ ರಾತ್ರಿ ಕಾವಲಿದ್ದರು. ಊಟದ ಡಬ್ಬಿ ಕೊಡಲು ಹೋದಾಗ ನಾನೂ ಎಷ್ಟೋ ಸಲ ಅಲ್ಲಿ ಉಳಿದಿದ್ದೇನೆ. ಸಂಜೆ ಬಾಗಿಲು ಹಾಕಿ ಬೀಗಕ್ಕೆ ಬಟ್ಟೆ ಸುತ್ತಿ ಅರಗಿನ ಮುದ್ರೆ ಒತ್ತುತ್ತಿದ್ದರು. ಗಂಟೆಗೊಂದು ಸುತ್ತು, ಪ್ರತಿ ಸುತ್ತಿಗೂ ಪುಸ್ತಕದಲ್ಲಿ ಸಹಿ.

ರಾತ್ರಿ ಅಲ್ಲಿ ಸದ್ದಿರುತ್ತದೆ. ತಂಪಾಗುತ್ತಾ ಬಂದಂತೆ ಹಳೆಯ ತೇಗದ ಪೆಟ್ಟಿಗೆಗಳು ಟಕ್ ಟಕ್ ಎನ್ನುತ್ತವೆ. ನುಸಿಗುಳಿಗೆಯ ವಾಸನೆ ಮೂಗಿಗೆ ಅಡರುತ್ತದೆ. ಬ್ಯಾಟರಿ ಬೆಳಕು ತಿರುಗಿದಾಗ ಮೂಲೆಯ ಚಿರತೆಯ ಗಾಜುಗಣ್ಣು ಒಂದು ಕ್ಷಣ ಹೊಳೆದು ಆರುತ್ತಿತ್ತು. ಹೊಳೆದದ್ದು ಬರೀ ಗಾಜು ಎಂದು ಗೊತ್ತಿದ್ದೂ ಅಪ್ಪನ ಅಂಗಿ ಹಿಡಿದುಕೊಳ್ಳುತ್ತಿದ್ದೆ. ಅಪ್ಪ ಪ್ರತಿ ಸುತ್ತಿನಲ್ಲಿಯೂ ಒಂದು ಮುಕ್ಕಾದ ಸರಸ್ವತಿಯ ವಿಗ್ರಹದ ಮುಂದೆ ಚಪ್ಪಲಿ ಬಿಟ್ಟು ಕೈಮುಗಿದು ಮುಂದೆ ಹೋಗುತ್ತಿದ್ದರು. ‘ಗುಡಿಯಲ್ಲಿದ್ದವಳು, ಇಲ್ಲಿ ಒಬ್ಬಳೇ ಇದ್ದಾಳೆ’ ಎನ್ನುತ್ತಿದ್ದರು.

ಆ ಚಿತ್ರದಲ್ಲಿ ಕೆಲಸವಿಲ್ಲದ ಒಬ್ಬನು ಕಾವಲುಗಾರನಾಗಿ ಸೇರಿ, ಮೊದಲು ಹೆದರಿ, ಆಮೇಲೆ ಪುಸ್ತಕ ಓದಿ ಒಂದೊಂದು ವಸ್ತುವಿನ ಹಿನ್ನೆಲೆ ತಿಳಿದುಕೊಂಡು, ಕೊನೆಗೆ ಅವರೆಲ್ಲರ ಮನೆಯವನಾಗುತ್ತಾನೆ. ಅಷ್ಟು ಮಾತ್ರ ಅಪ್ಪಟ ಸತ್ಯ. ನಮ್ಮ ತಂದೆ ಓದಿದ್ದು ಏಳನೇ ತರಗತಿ. ನಿವೃತ್ತಿಯ ಹೊತ್ತಿಗೆ ಹೊಯ್ಸಳರ ಮೂರ್ತಿ ಯಾವುದು, ಚಾಲುಕ್ಯರದು ಯಾವುದು ಎಂದು ಆಭರಣ ನೋಡಿಯೇ ಹೇಳುತ್ತಿದ್ದರು. ಕಾವಲಿನವರು ಗದರಿದರು ಎಂದು ಬರೆದಿದ್ದೀರಿ, ಅದು ತಪ್ಪೇ. ಆದರೂ ಇನ್ನೊಮ್ಮೆ ಹೋದಾಗ ‘ನಿಮಗೆ ಇಲ್ಲಿ ಯಾವುದು ಇಷ್ಟ?’ ಎಂದು ಮಗಳಿಂದ ಅವರನ್ನು ಕೇಳಿಸಿ ನೋಡಿ.

ಕಾಮನಬಿಲ್ಲು
ರಾತ್ರಿ ಪಾಳಿ ಅವರೇ, ಓದಿ ಕಣ್ಣು ತುಂಬಿತು. ಖಂಡಿತ ಕೇಳಿಸುತ್ತೇನೆ.

ಟೂರಿಂಗ್ ಟಾಕೀಸ್
ಇದನ್ನು ಓದಿದ ಮೇಲೆ ಇನ್ನೊಂದು ಚಿತ್ರದ ಮಾತು ಹೇಳದೆ ಇರಲಾರೆ. ಅಲೆಕ್ಸಾಂಡರ್ ಸೊಕುರೊವ್ ಅವರ ‘ರಷ್ಯನ್ ಆರ್ಕ್’ (2002). ಸತ್ತವನೊಬ್ಬನ ದನಿ ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟೇಜ್ ಮ್ಯೂಸಿಯಂನಲ್ಲಿ ಅಲೆಯುತ್ತದೆ. ಒಂದು ಬಾಗಿಲು ದಾಟಿದರೆ ಒಂದು ಶತಮಾನ. 33 ಕೋಣೆ, ಎರಡು ಸಾವಿರಕ್ಕೂ ಹೆಚ್ಚು ಪಾತ್ರಧಾರಿಗಳು, 96 ನಿಮಿಷ, ಎಲ್ಲಿಯೂ ಕ್ಯಾಮೆರಾ ನಿಲ್ಲಿಸದೆ ಒಂದೇ ಓಟದಲ್ಲಿ ತೆಗೆದದ್ದು. 2001ರ ಡಿಸೆಂಬರ್ 23ರಂದು, ಆ ಊರಿನಲ್ಲಿ ಹಗಲು ಅತಿ ಚಿಕ್ಕದಾಗಿರುವ ದಿನಗಳಲ್ಲಿ, ತೆಗೆದರು. ಮೂರು ಸಲ ಕೆಟ್ಟು ನಾಲ್ಕನೆಯ ಸಲ ಕೈಗೂಡಿತು.

ಅದರಲ್ಲಿ ಒಂದು ಬಾಗಿಲಿನ ಹಿಂದೆ ಕೊರೆಯುವ ಚಳಿ, ಖಾಲಿ ಚೌಕಟ್ಟುಗಳು, ತನ್ನ ಶವಪೆಟ್ಟಿಗೆಯನ್ನು ತಾನೇ ಮಾಡಿಕೊಳ್ಳುತ್ತಿರುವ ಒಬ್ಬ ಮನುಷ್ಯ. ಎರಡನೇ ಮಹಾಯುದ್ಧದಲ್ಲಿ ಲೆನಿನ್‌ಗ್ರಾಡ್ (ಆಗ ಆ ಊರಿನ ಹೆಸರು ಅದೇ) ಮುತ್ತಿಗೆಗೆ ಸಿಕ್ಕ ಕಾಲ ಅದು. ಹರ್ಮಿಟೇಜಿನವರು ಚಿತ್ರಪಟಗಳನ್ನು ಯೂರಲ್ ಪ್ರದೇಶಕ್ಕೆ ಸಾಗಿಸಿ ಚೌಕಟ್ಟುಗಳನ್ನು ಗೋಡೆಯ ಮೇಲೆಯೇ ಬಿಟ್ಟಿದ್ದರು. ಅಲ್ಲಿಯ ಸಿಬ್ಬಂದಿಯೊಬ್ಬರು ಸೈನಿಕರನ್ನು ಆ ಖಾಲಿ ಚೌಕಟ್ಟುಗಳ ಮುಂದೆ ನಿಲ್ಲಿಸಿ, ಇಲ್ಲದ ಚಿತ್ರಗಳನ್ನು ಒಂದೊಂದಾಗಿ ವರ್ಣಿಸುತ್ತಾ ಮ್ಯೂಸಿಯಂ ತೋರಿಸಿದ್ದರು. ಇದು ಕಥೆಯಲ್ಲ, ನಡೆದದ್ದು.

ಮಳೆ ಅವರೇ, ಶಾಸನಪ್ರಿಯ ಸರ್, ನಿಮ್ಮ ಮಾತನ್ನು ಇಷ್ಟರ ಮಟ್ಟಿಗೆ ಒಪ್ಪುತ್ತೇನೆ. ಹೇಳುವವರಿದ್ದರೆ ಖಾಲಿ ಚೌಕಟ್ಟೂ ಸಾಕು.

ಮಲೆನಾಡ ಮಳೆ
ಒಪ್ಪಿದಿರಲ್ಲ, ಸಂತೋಷ. ನನ್ನದೂ ಒಂದು ಇರಲಿ: ‘ಚಿಲ್ಡ್ರನ್ ಆಫ್ ಮೆನ್’ (2006). ಹದಿನೆಂಟು ವರ್ಷಗಳಿಂದ ಭೂಮಿಯ ಮೇಲೆ ಒಂದು ಮಗುವೂ ಹುಟ್ಟಿಲ್ಲ. ಲಂಡನ್ನಿನ ಹಳೆಯ ವಿದ್ಯುತ್ ಸ್ಥಾವರದಲ್ಲಿ ಸರ್ಕಾರ ಜಗತ್ತಿನ ಕಲಾಕೃತಿಗಳನ್ನು ಕೂಡಿಡುತ್ತಿದೆ. ಮೈಕೆಲೆಂಜೆಲೊನ ಡೇವಿಡ್‌ನ ಒಂದು ಮೊಣಕಾಲ ಕೆಳಗೆ ಬರೀ ಕಬ್ಬಿಣದ ಸರಳು. ನೂರು ವರ್ಷದ ಮೇಲೆ ಇದನ್ನು ನೋಡಲು ಯಾರಿರುತ್ತಾರೆ ಎಂದು ನಾಯಕ ಕೇಳಿದರೆ, ಕೂಡಿಡುವವನು ಆ ಬಗ್ಗೆ ಯೋಚಿಸುವುದೇ ಇಲ್ಲ ಎನ್ನುತ್ತಾನೆ. ಮಕ್ಕಳಿಲ್ಲದ ಊರಿನಲ್ಲಿ ಮ್ಯೂಸಿಯಂ ಎಂದರೆ ಉಗ್ರಾಣ, ಅಷ್ಟೇ.

ಶಾಸನಪ್ರಿಯ
ಕಾಮನಬಿಲ್ಲು ಅವರೇ, ನೀವು ಬೆಂಗಳೂರಿನವರಾದರೆ ಒಂದು ಸಲಹೆ. ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂ 1865ರಲ್ಲಿ ಸ್ಥಾಪನೆಯಾದದ್ದು. ಅಲ್ಲಿ ಮದ್ದೂರಿನ ಕಡೆಯ ಆತಕೂರಿನಿಂದ ತಂದ ಕಲ್ಲೊಂದಿದೆ, ಸುಮಾರು 949ರದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಗಂಗರ ಬೂತುಗ ‘ಬೇಕಾದ್ದು ಕೇಳು’ ಎಂದ. ಅವನು ಕೇಳಿದ್ದು ಊರನ್ನಲ್ಲ, ಹೊನ್ನನ್ನಲ್ಲ. ದೊರೆಯ ನಾಯಿ ಕಾಳಿಯನ್ನು. ಆ ನಾಯಿ ಆಮೇಲೆ ಕಾಡುಹಂದಿಯ ಮೇಲೆ ಬಿದ್ದು ಹೋರಾಡಿತು, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿದರು. ಕಲ್ಲಿನ ಮೇಲೆ ನಾಯಿ, ಹಂದಿ ಇನ್ನೂ ಕಾದಾಡುತ್ತಲೇ ಇವೆ. ಕಥೆಯನ್ನು ಮನೆಯಲ್ಲೇ ಹೇಳಿ, ಆಮೇಲೆ ಕರೆದುಕೊಂಡು ಹೋಗಿ.

ಕಾಮನಬಿಲ್ಲು
ಎಲ್ಲರಿಗೂ ನಮಸ್ಕಾರ, ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ಹಿಂದಿನ ರಾತ್ರಿಯೇ ಕಾಳಿಯ ಕಥೆ ಹೇಳಿದ್ದೆ. ಬಸ್ಸಿನಲ್ಲಿ ‘ಹಂದಿಯೂ ಸತ್ತಿತಲ್ಲ, ಅದಕ್ಕೆ ಏಕೆ ಕಲ್ಲು ಹಾಕಲಿಲ್ಲ?’ ಎಂದು ಜಗಳ ತೆಗೆದಳು. ಒಳಗೆ ಹೋಗಿ ಅವಳೇ ಹುಡುಕಿದಳು, ನನ್ನ ಕೈ ಬಿಡಿಸಿಕೊಂಡು. ಕಲ್ಲಿನ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು ಬಹಳ ಹೊತ್ತು ನೋಡಿದಳು. ಅಲ್ಲಿದ್ದ ಕಾವಲಿನ ಹಿರಿಯರನ್ನು ‘ನಿಮಗೆ ಇಲ್ಲಿ ಯಾವುದು ಇಷ್ಟ ತಾತ?’ ಎಂದು ಕೇಳಿದಾಗ ಅವರು ಒಂದು ಗಳಿಗೆ ಸುಮ್ಮನಾಗಿ, ಆಮೇಲೆ ಕುರ್ಚಿಯಿಂದ ಎದ್ದು ನಮ್ಮನ್ನು ಇನ್ನೊಂದು ಸಾಲಿಗೆ ಕರೆದುಕೊಂಡು ಹೋದರು. ಒಂದು ವೀರಗಲ್ಲು. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುತ್ತಿದ್ದಾರೆ, ಮೇಲೆ ಅವನು ಶಿವನ ಸನ್ನಿಧಿಯಲ್ಲಿದ್ದಾನೆ. ‘ಕೆಳಗಿನಿಂದ ಮೇಲಕ್ಕೆ ಓದಬೇಕು ಪುಟ್ಟಾ’ ಎಂದು ಬೆರಳಿನಿಂದ ಗಾಳಿಯಲ್ಲೇ ತೋರಿಸಿದರು, ಕಲ್ಲಿಗೆ ತಾಗಿಸದೆ. ಮಗಳೂ ಹಾಗೆಯೇ ಬೆರಳಾಡಿಸಿದಳು.

ಹೊರಡುವಾಗ ಕಾಳಿಯ ಹತ್ತಿರ ಮತ್ತೆ ಓಡಿಹೋಗಿ ಏನೋ ಪಿಸುಗುಟ್ಟಿ ಬಂದಳು. ಏನು ಹೇಳಿದೆ ಎಂದರೆ ಹೇಳಲಿಲ್ಲ.

ಕಡೇ ಬೆಂಚು
ಪುಟ್ಟಿಗೆ ಹಂದಿಯ ಪ್ರಶ್ನೆಯನ್ನು ಬಿಡಬೇಡ ಎಂದು ಹೇಳಿ ಮೇಡಂ. ಶಾಸನಪ್ರಿಯ ಸರ್, ಉತ್ತರ ನೀವೇ ಕೊಡಬೇಕು.